ಗೋಡೆ ಹತ್ತಿದ ಗಾಡಿ

ನನ್ನ ದೊಡ್ಡಪ್ಪನ ಮಗಳಿಗೆ ಕಾಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲುಗಳಿವೆ. ಮೂರನೇ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಸೊರಗಿದವು, ಆಮೇಲೆ ಬೆಳೆಯಲಿಲ್ಲ. ಅವಳು ಅವನ್ನು ಮಡಚಿ ಸೀರೆಯೊಳಗೆ ಸೇರಿಸಿಕೊಂಡು, ಒಂದು ಹಲಗೆಯ ಮೇಲೆ ಕೂತು, ಲೊಕ್ಕನಹಳ್ಳಿಯ ಮನೆಯೊಳಗೂ ಅಂಗಳದಲ್ಲೂ ಓಡಾಡುತ್ತಿದ್ದಳು. ಹಲಗೆಯ ಕೆಳಗೆ ನಾಲ್ಕು ಬೇರಿಂಗು. ಎರಡು ಕೈಗೆ ಎರಡು ಹವಾಯಿ ಚಪ್ಪಲಿ. ಚಪ್ಪಲಿಯನ್ನು ನೆಲಕ್ಕೆ ಒತ್ತಿ ತಳ್ಳಿದರೆ ಹಲಗೆ ಮುಂದೆ ಹೋಗುತ್ತಿತ್ತು. ಅದನ್ನು ಎಲ್ಲರೂ ಗಾಡಿ ಎನ್ನುತ್ತಿದ್ದರು.

ಆ ಗಾಡಿ ಈಗ ಸಮುದ್ರದಾಚೆಯ ಒಂದು ಸಣ್ಣ ಊರಿನ ಸಭಾಭವನದ ಗೋಡೆಯ ಮೇಲಿದೆ. ಅದು ಅಲ್ಲಿಗೆ ಹೋಗಿದ್ದು ನನ್ನ ಬಾಯಿಯಿಂದ.

ಈ ಸಂಗತಿಯನ್ನು ಕೊಳ್ಳೇಗಾಲದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ನನಗೆ ಗೊತ್ತಾಗಿಬಿಟ್ಟಿದೆ. ಕೊನೆಯಲ್ಲಿ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡ ಕೂಡಲೇ ಕೇಳುತ್ತಿದ್ದವರಿಗೆ ನಾನು ಮೊದಲಿಗಿಂತ ಒಳ್ಳೆಯವನಾಗಿ ಕಾಣುತ್ತೇನೆ. ಅಷ್ಟು ಲಾಭ ತರುವ ನೆನಪನ್ನು ನಂಬುವುದು ಕಷ್ಟ. ಆದ್ದರಿಂದ ಇಲ್ಲಿ ಇನ್ನೊಮ್ಮೆ, ನುಣುಪು ಮಾಡದೆ.

ಆ ಊರಿನವರು ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ ಬರುತ್ತಿದ್ದರು. ಆರೇಳು ಜನ. ಎಲ್ಲರೂ ನಿವೃತ್ತರು, ತಮ್ಮ ಖರ್ಚಿನಲ್ಲೇ ಬರುವ ಸ್ವಯಂಸೇವಕರು. ಅವರಿಗಿಂತ ಮೊದಲು ಅವರ ಸಾಮಾನು ಹಡಗಿನಲ್ಲಿ ಬಂದು, ಲಾರಿ ಹತ್ತಿ, ಕೊಳ್ಳೇಗಾಲದಲ್ಲಿ ಹಿಂದೆ ರೇಷ್ಮೆಗೂಡು ತುಂಬುತ್ತಿದ್ದ ಒಂದು ಗೋದಾಮು ಸೇರುತ್ತಿತ್ತು. ಗಾಲಿಕುರ್ಚಿ, ಊರುಗೋಲು, ವಾಕರು, ಆಸ್ಪತ್ರೆಯ ಮಂಚ. ಅಲ್ಲಿಯವರು ಬಳಸಿ, ಗುಣವಾಗಿಯೋ ಸತ್ತೋ, ಬಿಟ್ಟುಕೊಟ್ಟಂಥವು. ಹಿಮದ ಮೇಲೆ ಓಡಿಸಲೆಂದು ಮುಳ್ಳುಮುಳ್ಳಾದ ಟೈರು ಹಾಕಿದ್ದ ಒಂದು ಕುರ್ಚಿಯೂ ಬಂದಿತ್ತು. ಅದನ್ನು ಪಡೆದ ಹೂಗ್ಯಂನ ರೈತ, "ಇದು ಟ್ಯಾಕ್ಟ್ರು ಸಾ, ಒಲ ಉಳ್ಬೋದು" ಎಂದು ನಕ್ಕಿದ್ದ.

ಇಂಗ್ಲಿಷ್ ಪಾಠ ಮಾಡುವವನು ಎಂಬ ಒಂದೇ ಕಾರಣಕ್ಕೆ ನಾನು ಅವರ ಜೊತೆ ಸೇರಿದೆ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕುಗಳಲ್ಲಿ ಟೆಂಪೋದಲ್ಲಿ ಸುತ್ತಿ, ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. ಹಳ್ಳಿಗಳಲ್ಲಿ ನನಗೆ ದುಬಾಸಿ ಮೇಷ್ಟ್ರು ಎಂದು ಹೆಸರು ಬಿತ್ತು. ಪಾಲಾರ್ ಕಡೆಯ ತಮಿಳು ಮನೆಗಳಲ್ಲಿ ನನ್ನ ಕನ್ನಡವನ್ನು ಇನ್ನೊಬ್ಬರು ತಮಿಳಿಗೆ ದಾಟಿಸುತ್ತಿದ್ದರು. ಅಲ್ಲಿ ಅರ್ಧ ನಿಮಿಷದ ಇಂಗ್ಲಿಷು ಎರಡು ಬಾಯಿ ದಾಟಿ, ಕೊನೆಗೆ "ಉಕ್ಕಾರುಂಗ" ಎಂಬ ಒಂದೇ ಮಾತಾಗಿ ತಲುಪುತ್ತಿತ್ತು, ಕೂತುಕೊಳ್ಳಿ ಅಂತ. ಅವರು ಕೂರುತ್ತಿದ್ದರು. ಕೆಲಸ ಆಗುತ್ತಿತ್ತು.

ಕೆಲವು ಕುರ್ಚಿಗಳ ಬೆನ್ನಿಗೆ ಸಣ್ಣ ಹಿತ್ತಾಳೆ ತಗಡು ಇರುತ್ತಿತ್ತು. ಅದರಲ್ಲಿ ಒಂದು ಹೆಸರು, ಎರಡು ಇಸವಿ. ಯಳಂದೂರಿನಲ್ಲಿ ಒಬ್ಬ ಅದರ ಮೇಲೆ ಬೆರಳಾಡಿಸಿ, "ಇದೇನ್ ಬರ್ದವ್ರೆ ಸಾ?" ಎಂದ.

"ಕಂಪ್ನಿ ಹೆಸ್ರು" ಎಂದೆ.

ಸತ್ತವರ ಕುರ್ಚಿ ಎಂದಿದ್ದರೆ ಅವನು ಅದರಲ್ಲಿ ಕೂರುತ್ತಿರಲಿಲ್ಲ. ಹಾಗಾಗಿ ಇದು ಉಪಕಾರಕ್ಕೆ ಹೇಳಿದ ಸುಳ್ಳು. ನನಗೆ ಈ ಕೆಲಸ ಒಗ್ಗಿಹೋಗಿದ್ದು ಆ ಕ್ಷಣದಿಂದಲೇ ಇರಬೇಕು. ಎರಡು ಭಾಷೆಯ ನಡುವೆ ನಿಂತವನನ್ನು ಎರಡೂ ಕಡೆಯವರು ನಂಬಲೇಬೇಕು. ಬೇರೆ ದಾರಿಯಿಲ್ಲ.

ಅಕ್ಕನ, ಅಂದರೆ ದೊಡ್ಡಪ್ಪನ ಮಗಳ ಹೆಸರನ್ನು ಕುರ್ಚಿ ಪಡೆಯುವವರ ಪಟ್ಟಿಗೆ ಸೇರಿಸಿದವನು ನಾನೇ. ಅವಳು ಕೇಳಿರಲಿಲ್ಲ.

ಅವಳು ಏನು ಮಾಡುತ್ತಿದ್ದಳೆಂದು ಮೊದಲು ಹೇಳಬೇಕು. ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಕಡೆ ಹುಣಸೆ ಉದುರಿಸುತ್ತಾರೆ. ಹನೂರಿನ ಒಬ್ಬ ವ್ಯಾಪಾರಿ ಮೂಟೆಗಳನ್ನು ಅಕ್ಕನ ಅಂಗಳಕ್ಕೆ ತಂದು ಹಾಕುತ್ತಿದ್ದ. ಹತ್ತು ಹದಿನೈದು ಹೆಂಗಸರು ಸುತ್ತ ಕೂತು ಸಿಪ್ಪೆ ಒಡೆದು, ನಾರು ತೆಗೆದು, ಬೀಜ ಬಿಡಿಸುತ್ತಿದ್ದರು. ಯಾರಿಗೆ ಎಷ್ಟು ಹಣ್ಣು ಹಾಕಬೇಕು, ಯಾರ ಹಣ್ಣಿನಲ್ಲಿ ಬೀಜ ಉಳಿದಿದೆ, ಯಾರದು ಕಪ್ಪಾಗಿದೆ ಎಂದು ನೋಡುವವಳು ಅಕ್ಕ. ಅವಳ ಗಾಡಿ ಆ ವೃತ್ತದೊಳಗೆ ಗರ್ರನೆ ತಿರುಗುತ್ತಿತ್ತು. ಒಬ್ಬಳ ಮುಂದೆ ಮಂಕರಿ ಎಳೆದಿಟ್ಟು, ಇನ್ನೊಬ್ಬಳ ರಾಶಿಗೆ ಕೈಹಾಕಿ, ಮೂರನೆಯವಳ ಎಲೆಯಡಿಕೆ ಕಿತ್ತುಕೊಂಡು ತಾನು ಹಾಕಿಕೊಳ್ಳುವಳು.

ನೆಲದ ಮೇಲೆ ಕೂತ ಅಷ್ಟು ಹೆಂಗಸರಲ್ಲಿ ಎದ್ದೇಳದೆ ಓಡಾಡಬಲ್ಲವಳು ಅವಳೊಬ್ಬಳೇ. ಮಿಕ್ಕವರು ಸೊಂಟ ಹಿಡಿದುಕೊಂಡು, ಮಂಡಿಗೆ ಕೈಕೊಟ್ಟು, ಅಮ್ಮಾ ಎಂದು ಏಳಬೇಕಿತ್ತು. ಹಾಗಾಗಿ ಮೇಸ್ತ್ರಿಕೆ ಅವಳದು. ಇದು ನನಗೆ ಆಗ ಹೊಳೆದಿರಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದುದು ನೆಲದಲ್ಲಿ ತೆವಳುವ ಅಕ್ಕ.

ನನ್ನ ಮದುವೆಯ ದಿನ ಅವಳು ಕೊಳ್ಳೇಗಾಲದ ಛತ್ರದೊಳಗೆ ಗಾಡಿಯಲ್ಲೇ ಬಂದಳು. ಮೊಸಾಯಿಕ್ ನೆಲ, ಗಾಡಿಗೆ ಒಳ್ಳೆ ವೇಗ. ಹೆಣ್ಣಿನ ಕಡೆಯವರು ತಿರುಗಿ ನೋಡಿದರು. ನಾನು ಇಬ್ಬರಿಗೆ ಸನ್ನೆ ಮಾಡಿ ಅವಳನ್ನು ಎತ್ತಿಸಿ ಕುರ್ಚಿಯಲ್ಲಿ ಕೂರಿಸಿದೆ. ಗಾಡಿಯನ್ನು ಅಡುಗೆ ಕೋಣೆಯ ಹಿಂದೆ ಇಡಿಸಿದೆ. ಊಟವಾಗುವವರೆಗೂ ಅವಳು ಆ ಕುರ್ಚಿಯಲ್ಲೇ ಇದ್ದಳು. ಕರೆದರೂ ಯಾರಿಗೂ ಕೇಳದಷ್ಟು ದೂರದಲ್ಲಿ.

ಪಟ್ಟಿಗೆ ಹೆಸರು ಸೇರಿಸಿದ್ದಕ್ಕೆ ಇದೇ ಕಾರಣ ಎಂದು ಬರೆದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳುವುದರಿಂದಲೇ ಅನುಮಾನ. ಆ ವರ್ಷ ಲೊಕ್ಕನಹಳ್ಳಿಯಿಂದ ಇನ್ನೊಂದು ಹೆಸರು ಬೇಕಾಗಿತ್ತು, ಅಕ್ಕನದು ನೆನಪಾಯಿತು. ಅಷ್ಟೇ ಇದ್ದರೂ ಇರಬಹುದು.

ಅಕ್ಕನ ಮನೆಗೆ ಕುರ್ಚಿ ತಂದ ದಿನ ಟೆಂಪೋದಿಂದ ಇಳಿದವರು ಇಬ್ಬರು. ಒಬ್ಬರು ಹಿಂದೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಗಸು. ಇನ್ನೊಬ್ಬ, ಅಂಚೆ ಹಂಚುತ್ತಿದ್ದು ನಿವೃತ್ತನಾದವನು, ಬಾಗಿಲು ದಾಟಲು ಸೊಂಟದವರೆಗೂ ಬಗ್ಗಬೇಕಾದಷ್ಟು ಎತ್ತರ. ನಮ್ಮ ಜನ ಅವನನ್ನು ಉದ್ದಪ್ಪ ಎಂದು ಕರೆದುಬಿಟ್ಟಿದ್ದರು. ಇವರು ಕೆಟ್ಟವರಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಉದ್ದಪ್ಪ ಅಂಗಳದ ಧೂಳಿನಲ್ಲಿ ಮಂಡಿಯೂರಿ, ಸ್ಪ್ಯಾನರ್ ಹಿಡಿದು, ಅಕ್ಕನ ಅಳತೆಗೆ ಕುರ್ಚಿಯ ಕಾಲುಹಲಗೆಯನ್ನು ಒಂದೊಂದೇ ಬೆರಳು ಮೇಲಕ್ಕೆತ್ತಿದ. ನರ್ಸಮ್ಮ ಅಕ್ಕನ ಅಂಗೈಯ ಗಡಸು ಚರ್ಮಕ್ಕೆ ತಾನೇ ಮುಲಾಮು ಹಚ್ಚಿದಳು.

ಅದಕ್ಕೂ ಮೊದಲು ಒಂದು ಫೋಟೋ. ಹಲಗೆಯ ಮೇಲೆ, ಮೇಲಿನಿಂದ ಕೆಳಕ್ಕೆ ನೋಡುವಂತೆ ತೆಗೆದದ್ದು. ಆಮೇಲೆ ಅಕ್ಕನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಇನ್ನೊಂದು.

ಕುರ್ಚಿಯಲ್ಲಿ ಕೂತ ಅಕ್ಕ ಕತ್ತೆತ್ತಿ ಸೂರು ನೋಡಿದಳು. "ಅಯ್ಯಯ್ಯೋ, ಇಲ್ಲಿಂದ ಬಲೆ ಎಲ್ಲಾ ಕಾಣ್ತದಲ್ಲ ತಮ್ಮ! ಇವ್ಳು ಒಂದಿನಾನೂ ಗುಡ್ಸಿಲ್ಲ."

ಅವಳ ಒಡಹುಟ್ಟಿದ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇಳ್ಸ್ರಪ್ಪೋ ನಮ್ಮತ್ಗೇನ! ಇಷ್ಟ್ ದಿನ ನೆಲ ಒಂದ್ ನೋಡ್ತಿದ್ರು, ಇನ್ಮೇಲೆ ಸೂರ್‌ನಲ್ಲೂ ತಪ್ಪು ಉಡುಕ್ತಾರೆ."

ಎಲ್ಲರೂ ನಕ್ಕರು. ಏನಂದರು ಎಂದು ನರ್ಸಮ್ಮ ಕೇಳಿದಳು. ಎತ್ತರದಿಂದ ಲೋಕ ಬೇರೆ ಥರ ಕಾಣುತ್ತದೆ ಅನ್ನುತ್ತಿದ್ದಾಳೆ ಎಂದೆ. ನರ್ಸಮ್ಮನ ಕಣ್ಣಲ್ಲಿ ನೀರು ಬಂತು.

ಆಮೇಲೆ ಅವಳು ಗಾಡಿಯನ್ನು ಕೈಗೆತ್ತಿಕೊಂಡಳು. ಕೂತು ಕೂತು ಅದರ ನಡುವೆ ಎರಡು ತಗ್ಗು ಬಿದ್ದಿದ್ದವು, ಅಕ್ಕನದೇ ಅಚ್ಚು. ಹರಳೆಣ್ಣೆ ಕುಡಿದು ಮರ ಕಪ್ಪಗೆ ಹೊಳೆಯುತ್ತಿತ್ತು. ಉದ್ದಪ್ಪ ಒಂದೊಂದು ಬೇರಿಂಗನ್ನೂ ತಿರುಗಿಸಿ ನೋಡಿ ಮೆಚ್ಚಿ ತಲೆಯಾಡಿಸಿದ. ನರ್ಸಮ್ಮ ನನ್ನ ಕಡೆ ತಿರುಗಿ ಕೇಳಿದಳು: ಇದನ್ನು ನಾವು ತೆಗೆದುಕೊಂಡು ಹೋಗಬಹುದೇ, ನಮ್ಮ ಊರಿನವರಿಗೆ ತೋರಿಸಲು?

ನಾನು ಅಕ್ಕನನ್ನು ಕೇಳಿದೆ. ಅಕ್ಕ ಏನೋ ಅಂದಳು. ನಾನು ನರ್ಸಮ್ಮನಿಗೆ ಆಗಬಹುದಂತೆ ಎಂದೆ. ಗಾಡಿ ಟೆಂಪೋ ಹತ್ತಿತು.

ಸ್ಟಾಫ್ ರೂಮಿನ ಕತೆಯಲ್ಲಿ ಈ ಏನೋ ಎಂಬಲ್ಲಿ ಒಂದು ಮಾತಿದೆ: "ಇರ್ಲಿ ಬುಡು." ನಮ್ಮ ಕಡೆ ಇದು ಒಪ್ಪಿಗೆಯೂ ಹೌದು, ನಿರಾಕರಣೆಯೂ ಹೌದು. ಕಾಲು ತುಳಿದವರಿಗೆ ಇರ್ಲಿ ಬುಡಿ ಎನ್ನುತ್ತೇವೆ. ಇನ್ನೊಂದು ಮುದ್ದೆ ಹಾಕಲು ಬಂದವರಿಗೂ ಇರ್ಲಿ ಬುಡಿ ಎನ್ನುತ್ತೇವೆ. ಅಕ್ಕ ಅದು ಇಲ್ಲೇ ಇರಲಿ ಎಂದಳು, ನಾನು ಹೋಗಲಿ ಬಿಡು ಎಂದು ದಾಟಿಸಿದೆ ಎಂಬುದು ಆ ಕತೆ. ಒಂದು ಮಾತು, ಎರಡು ಅರ್ಥ, ನಡುವೆ ಪಾಪಿಯಾದ ನಾನು. ಕೇಳಿದ ಕನ್ನಡ ಮೇಷ್ಟ್ರು ತೊಡೆ ತಟ್ಟಿ, ಆಹಾ ಎಂದಿದ್ದರು.

ಅಕ್ಕ ಫೋನು ಮಾಡುವವರೆಗೂ ನಾನೂ ಅದನ್ನೇ ನಂಬಿದ್ದೆ.

ಫೋನು ಬಂದದ್ದು ಶಿವರಾತ್ರಿ ಕಳೆದ ಮೇಲೆ, ಹುಣಸೆಯ ಮೂಟೆಗಳು ಅಂಗಳಕ್ಕೆ ಬರುವ ಹೊತ್ತಿನಲ್ಲಿ.

"ಏನ್ಲಾ ತಮ್ಮ, ನಿಮ್ಮೋರು ಬರೋದ್ ಯಾವಾಗ?"

"ಮುಂದಿನ್ ವರ್ಸ ಕನಕ್ಕ."

"ಅಲ್ಲೀಗಂಟ ನನ್ ಗಾಡಿ ಅವ್ರತ್ರನೇ ಇರ್ತದಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನೀನೇ ತಾನೆ ಅಂದದ್ದು, ತಕ್ಕಂಡು ಓಗ್ಬತ್ತಾರೆ ಅಂತ? ಆ ಉದ್ದಪ್ಪ ಬೇರಿಂಗ್ ತಿರುಗ್ಸಿ ತಿರುಗ್ಸಿ ನೋಡ್ತಿದ್ನಲ್ಲ. ಇಂಥವೇ ಇನ್ ನಾಕ್ ಜನಕ್ಕೆ ಮಾಡ್ಸಕ್ಕೆ ಅಳ್ತೆಗೆ ಓಯ್ತಾವ್ನೆ, ಅಳ್ತೆ ತಕ್ಕಂಡು ತಂದಾಕ್ತಾನೆ ಅನ್ಕಂಡೆ ಕಣ್ಲಾ."

"ನೀನು ಇರ್ಲಿ ಬುಡು ಅಂದ್ಯಲ್ಲಕ್ಕ."

"ನಾನೆಲ್ಲಂದೆ? ಬಿರ್ನೆ ತಂದ್ಬುಡ್ಲಿ, ಹುಣ್ಸೆಅಣ್ಣಿನ್ ಕಾಲ ಅಂದೆ."

ಅವಳು ಹೇಳಿದ್ದು ನಿಜವೋ ನನ್ನದು ನಿಜವೋ ಗೊತ್ತಿಲ್ಲ. ಆದರೆ ಅವಳು ನನ್ನ ಬಾಯಲ್ಲಿಟ್ಟ ಮಾತು ನನ್ನದೇ. ಅದರಲ್ಲಿ ಅನುಮಾನವಿಲ್ಲ. ನಮ್ಮ ಮನೆಗಳಲ್ಲಿ ಹೋಗುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಹೋಗಿ ಬರುತ್ತೇನೆ ಎನ್ನಬೇಕು. ಬರೀ ಹೋಗುವುದು ಹೆಣ ಮಾತ್ರ. ಅಂಗಡಿಗೆ ಹೊರಟವರೂ, ಗಂಡನ ಮನೆಗೆ ಹೊರಟವಳೂ, ಕೆಲಸ ಬಿಟ್ಟು ಹೊರಟವನೂ ಹೋಗಿಬರುತ್ತಾರೆ. ನಾಲಿಗೆಗೆ ಇದನ್ನು ಎಷ್ಟು ಚಿಕ್ಕಂದಿನಲ್ಲಿ ಕಲಿಸುತ್ತಾರೆಂದರೆ, ಅಕ್ಕನ ಮುಖ ನೋಡಿಕೊಂಡು, ಅವಳ ಸಾಮಾನನ್ನು ಇವರು ತೆಗೆದುಕೊಂಡು ಹೋಗುತ್ತಾರಂತೆ ಎನ್ನಲು ಬಾಯಿ ಬರುವುದಿಲ್ಲ. ತಕ್ಕಂಡು ಓಗ್ಬತ್ತಾರಂತೆ ಕನಕ್ಕ ಎಂದೇ ಬರುತ್ತದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಕೆಟ್ಟ ಮಾತು ಆಡಬಾರದೆಂಬ ಉದ್ದೇಶವಿತ್ತು. ಅವಳು ಅದನ್ನು ಹಾಗೇ ನಂಬಿದಳು.

ಮಾತಿನ ಎರಡು ಅರ್ಥದ ಕತೆಯಲ್ಲಿ ಅಕ್ಕ ಒಂದು ಬಗೆಯ ಬಲಿಪಶು, ತನ್ನದನ್ನು ಬಿಟ್ಟುಕೊಡಲಾರದೆ ಗೊಣಗಿದವಳು. ಫೋನಿನಲ್ಲಿದ್ದವಳು ಹಾಗಿರಲಿಲ್ಲ. ತನ್ನ ಗಾಡಿ ಪರದೇಶದವರಿಗೆ ಮಾದರಿಯಾಯಿತೆಂದು ಹಿಗ್ಗಿ, ಕೊಟ್ಟು, ಒಂದು ತಿಂಗಳು ಕಾದವಳು.

"ಕುರ್ಚಿ ಎಂಗದೆ?" ಎಂದು ಕೇಳಿದೆ.

"ಕುರ್ಚಿಗೇನು, ರಾಜನಂಗದೆ. ಬಾಗ್ಲಲ್ಲಿ ತೂರಕಿಲ್ಲ ಅಷ್ಟೆ."

ಮುಂದಿನ ಭಾನುವಾರ ಹೋದೆ. ಕುರ್ಚಿ ಅಂಗಳದಲ್ಲಿತ್ತು, ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಹೊಸ್ತಿಲು ದಾಟುವುದಿಲ್ಲ, ಒಲೆಗೆ ಬಗ್ಗಲಾಗುವುದಿಲ್ಲ, ನೀರಿನ ಕೊಳಗ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಎಲ್ಲವೂ ನೆಲದಲ್ಲಿವೆ ಎಂಬುದನ್ನು ನಾನು ಮೊದಲ ಸಲ ಎಣಿಸಿ ನೋಡಿದ್ದು ಅವತ್ತು. ಮೂಟೆ ಬಂದ ಮೊದಲ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ವೃತ್ತದ ನಡುವೆ ತಂದಿದ್ದರಂತೆ. "ಏನವ್ವ, ಡಿಸಿ ಆಗೋದೆಯಲ್ಲ, ಅರ್ಜಿ ಕೊಡ್ಬೇಕಾ ನಿಂಗೆ?" ಎಂದು ಒಬ್ಬಳು, "ಅತ್ಲಾಗ್ ತಿರ್ಗು, ಸೆರಗ್ನೊಳಗೆಲ್ಲ ಕಾಣ್ತದೆ ಅಲ್ಲಿಂದ" ಎಂದು ಇನ್ನೊಬ್ಬಳು. ಅಕ್ಕನೂ ನಕ್ಕಳು. ಆದರೆ ಮೇಲಿನಿಂದ ಯಾರ ರಾಶಿಗೂ ಕೈ ಎಟುಕಲಿಲ್ಲ. ಎರಡನೇ ದಿನ ಕುರ್ಚಿಯಿಂದ ಇಳಿದು, ಬರೀ ನೆಲದ ಮೇಲೆ ಕೈಯೂರಿ ಮೈ ಎಳೆದುಕೊಂಡು ಓಡಾಡಿದಳು. ಹುಣಸೆ ಸಿಪ್ಪೆಯ ಚೂರುಗಳ ಮೇಲೆ. ಒಂದು ವಾರಕ್ಕೆ ತೊಡೆಯ ಹಿಂಭಾಗದ ಚರ್ಮ ಕಿತ್ತುಬಂದು ಹುಣ್ಣಾಯಿತು. ಉರಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೆ ಸೀರೆ ನೆನೆದಾಗಲೇ ಗೊತ್ತಾದದ್ದು.

ಹನೂರಿನ ಡಾಕ್ಟರು ಒಣಗುವವರೆಗೂ ನೆಲ ಮುಟ್ಟಬಾರದೆಂದರು. ಒಣಗುವಷ್ಟರಲ್ಲಿ ಮಳೆಗಾಲ ಬಂತು. ವ್ಯಾಪಾರಿ ಕಾಯಲಿಲ್ಲ, ಕಾಯಬೇಕೆಂದು ಯಾರೂ ಹೇಳಲಾರರು. ಮೂಟೆಗಳನ್ನು ಮೂರು ಬೀದಿಯಾಚೆ ಇನ್ನೊಬ್ಬಳ ಅಂಗಳಕ್ಕೆ ಹಾಕಿದ. ಅವಳು ಅಕ್ಕನ ಕೈಕೆಳಗೇ ಬೀಜ ಬಿಡಿಸುವುದನ್ನು ಕಲಿತವಳು.

ನಾನು ಕೈಕಟ್ಟಿ ಕೂರಲಿಲ್ಲ ಎಂದು ತೋರಿಸಿಕೊಳ್ಳಲು ಇನ್ನೆರಡು ವಿಷಯ. ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ತಗಡಿಗೆ ಆಫೀಸು ಕುರ್ಚಿಯ ಚಕ್ರ ಹಾಕಿಸಿ ಒಂದು ಗಾಡಿ ತಂದುಕೊಟ್ಟೆ. ಅದು ನಾಲ್ಕು ಬೆರಳು ಎತ್ತರವಾಗಿ ಕೈ ನೆಲಕ್ಕೆ ಸರಿಯಾಗಿ ತಾಗಲಿಲ್ಲ, ಚಕ್ರ ಸಿಕ್ಕಿದ ಕಡೆ ತಿರುಗಿತು. "ಕುಡ್ದಂಗಾಡ್ತದೆ ಕಣ್ಲಾ ಇದು" ಎಂದಳು. ಆಮೇಲೆ ಹನೂರಿನಲ್ಲಿ ಮರದ್ದೇ ಮಾಡಿಸಿದೆ. ಅದು ಸರಿಯಾಗಿ ಓಡಿತು. ಅಷ್ಟರಲ್ಲಿ ಓಡಾಡಲು ಅಂಗಳದಲ್ಲಿ ಏನೂ ಉಳಿದಿರಲಿಲ್ಲ.

ಎರಡನೆಯದು, ಪತ್ರ. ಹಳೆಯ ಗಾಡಿಯನ್ನು ಹಿಂದಿರುಗಿಸಿ ಎಂದು ಅವರಿಗೆ ಈಮೇಲು ಬರೆದೆ. ಇದನ್ನು ಬೇಗ ಬರೆದೆ ಎಂದು ನನ್ನ ನೆನಪು ಹೇಳುತ್ತಿತ್ತು. ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ಫೋನು ಬಂದು ನಾಲ್ಕು ತಿಂಗಳ ಮೇಲೆ ಬರೆದಿದ್ದೇನೆ. ಕೊಟ್ಟ ಕುರ್ಚಿ ಬೇಡ, ತೆವಳುವ ಹಲಗೆ ಕೊಡಿ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆಂದು ತಿಳಿಯದೆ ಅಷ್ಟು ದಿನ ಮುಂದೂಡಿದ್ದೆ. ನಮ್ಮ ಮನೆತನದ ಮರ್ಯಾದೆಯ ಪ್ರಶ್ನೆಯೂ ಇತ್ತು. ನಗಬೇಡಿ, ಇತ್ತು.

ಉತ್ತರ ನರ್ಸಮ್ಮನದು. ದಯೆಯಿಂದಲೇ ಬರೆದಿದ್ದಳು. ವಿಷಯವನ್ನು ಅವರ ಸಮಿತಿಯ ಮುಂದಿಟ್ಟಳಂತೆ. ಒಬ್ಬ ವ್ಯಕ್ತಿಯನ್ನು ಮತ್ತೆ ನೆಲಕ್ಕೆ ಇಳಿಸುವಂಥ ವಸ್ತುವನ್ನು ತಮ್ಮ ಕೈಯಿಂದ ಕೊಡಲು ಸಮಿತಿಯವರಿಗೆ ಮನಸ್ಸು ಬರಲಿಲ್ಲವಂತೆ. ಹೊಸ ಬದುಕಿಗೆ ಹೆದರಿ ಹಳೆಯದನ್ನು ಬಯಸುವುದು ಸಹಜ, ಇದನ್ನು ತಾನು ಆಸ್ಪತ್ರೆಯಲ್ಲೂ ನೋಡಿದ್ದೇನೆ, ತಾಳ್ಮೆಯಿಂದ ಅಭ್ಯಾಸ ಮಾಡಿಸಿ ಎಂದಿದ್ದಳು. ಆ ಹಲಗೆಯನ್ನು ನೋಡಿದ ಮೇಲೆ ಇನ್ನೂ ಎಷ್ಟೋ ಜನ ಕುರ್ಚಿ ಕೊಡಲು ಮುಂದೆ ಬಂದಿದ್ದಾರೆ ಎಂದೂ ಬರೆದಿದ್ದಳು. ಜೊತೆಗೊಂದು ಫೋಟೋ: ಬಿಳಿ ಗೋಡೆ, ನಡುವೆ ನೇರ ನಿಂತ ಗಾಡಿ, ಮೇಲೊಂದು ದೀಪ.

ಮತ್ತೆ ಬರೆಯಬಹುದಿತ್ತು. ಅದು ಭಯವಲ್ಲ, ಅದು ಅವಳ ಉದ್ಯೋಗ ಎಂದು ಒಂದೇ ಸಾಲು. ಬರೆಯಲಿಲ್ಲ. ಅಕ್ಕನಿಗೆ "ಕಳುಸ್ತಾರಂತೆ, ನೋಡೋವ" ಎಂದೆ.

ಮರುವರ್ಷ ಅವರು ಬಂದರು. ಲೊಕ್ಕನಹಳ್ಳಿಗೆ ಹೋಗುವುದು ಬೇಡವೆಂದು ನಾನು ಪಟ್ಟಿಯಲ್ಲಿ ಅದನ್ನು ಕೊನೆಗೆ ತಳ್ಳಿದೆ. ಆದರೂ ಶಿವರಾತ್ರಿಯ ಹೊತ್ತಿಗೆ ಆ ಕೊನೆಯ ದಿನ ಬಂತು. ಮನೆಯ ಬಾಗಿಲಿಗೆ ಬೀಗ. ಪಕ್ಕದವಳು ಬೀದಿಯ ಕಡೆ ಕೈ ತೋರಿಸಿ, "ಕೂಲಿಗ್ ಓಗವ್ಳೆ ಸಾ, ಹುಣ್ಸೆಅಣ್ಣಿಗೆ" ಎಂದಳು.

ಮೂರು ಬೀದಿಯಾಚೆಯ ಆ ಅಂಗಳದ ಗೇಟಿನ ಹೊರಗೆ ಗಾಲಿಕುರ್ಚಿ ನಿಂತಿತ್ತು. ಟೆಂಪೋದಿಂದಲೇ ಅದನ್ನು ಕಂಡ ನರ್ಸಮ್ಮ ಉದ್ದಪ್ಪನ ತೋಳು ಹಿಡಿದು ಅಲುಗಿಸಿದಳು. ಟೈರು ಸವೆದಿತ್ತು, ಹಿಡಿಕೆಗಳು ಕಪ್ಪಾಗಿದ್ದವು. ಬಳಸಿದ ಕುರುಹು. ಬೀದಿಯ ಕಲ್ಲು ಗುಂಡಿಗಳಲ್ಲಿ ಹಲಗೆ ಗಾಡಿ ಓಡುವುದಿಲ್ಲ. ಹಾಗಾಗಿ ತಮ್ಮನ ಹೆಂಡತಿ ದಿನಾ ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಇಲ್ಲಿ ಇಳಿಸಿ, ತಾನೂ ಪಕ್ಕದಲ್ಲಿ ಕೂತು ಬೀಜ ಬಿಡಿಸುತ್ತಿದ್ದಳು.

ಅಕ್ಕ ವೃತ್ತದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಡುವೆ ಮಂಕರಿ ಹಿಡಿದು ಓಡಾಡುತ್ತಿದ್ದವಳು ಅಂಗಳದ ಒಡತಿ, ಎದ್ದು, ಬಗ್ಗಿ, ಮತ್ತೆ ಎದ್ದು.

ನಾನು ಪಕ್ಕದಲ್ಲಿ ಕೂತು ತಗ್ಗಿದ ದನಿಯಲ್ಲಿ ಕೇಳಿದೆ: "ಹನೂರಲ್ಲಿ ಮಾಡ್ಸಿದ್ನಲ್ಲಕ್ಕ, ಆ ಗಾಡೀನ ಕುರ್ಚಿ ಜೊತೆ ತಂದ್ಕಳಕ್ಕಾಗಲ್ವಾ?"

"ತಂದಿದ್ದೆ ಕನಪ್ಪ ಮೊದುಲ್ನೇ ದಿನ. ಕೂಲಿಗ್ ಬಂದೋಳು ಓಡಾಡೋದೇನಕ್ಕೆ, ಕುಂತ್ ಬುಡ್ಸಿದ್ರೆ ಸಾಕು ಅಂದ್ಬುಟ್ಲು." ತಲೆಯೆತ್ತದೆ ಹೇಳಿದಳು. "ಸರೀನೆ. ನಾನಾಗಿದ್ರೂ ಅಂತಿದ್ದೆ."

ನರ್ಸಮ್ಮ ಒಂದು ಕ್ಯಾಲೆಂಡರ್ ಬಿಚ್ಚಿದಳು. ಅವರ ಸಂಘದ್ದು. ಒಂದು ಪುಟದಲ್ಲಿ ಗೋಡೆ ಮೇಲಿನ ಗಾಡಿ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಸುತ್ತಲಿನವರು ಕತ್ತು ಚಾಚಿದರು.

"ಇದ್ಯಾಕ್ಲಾ ಗ್ವಾಡೆಗಾಕವ್ರೆ?"

"ನೆಪ್ಪಿಗೆ ಅಂತೆ ಕನಕ್ಕ."

"ಸತ್ತೋರ್ ಪಟ ಅಲ್ವಾ ಗ್ವಾಡೆಗಾಕದು? ಊವಿನ ಆರ ಒಂದ್ ಕಮ್ಮಿ ಆಗದೆ."

ಹೆಂಗಸರು ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ಕ್ಯಾಲೆಂಡರಿನ ಮೇಲೆ ಹುಣಸೆಯ ಅಂಟು ಬೆರಳಿನ ಗುರುತು ಮೂಡಿತ್ತು. ಅವಳು ಅದನ್ನು ನನ್ನ ಕೈಗೆ ಕೊಟ್ಟಳು. ಗಾಡಿ ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಉತ್ತರ ಟೆಂಪೋದಲ್ಲಿ ಸಿದ್ಧಮಾಡಿಕೊಂಡಿದ್ದೆ.

ಅವರಿಗೆ ಫೋಟೋ ಬೇಕಿತ್ತು. ಕುರ್ಚಿಯಲ್ಲಿ ಕೆಲಸಕ್ಕೆ ಬರುತ್ತಿರುವ ಫೋಟೋ. ಅಕ್ಕನನ್ನು ಎತ್ತಿ, ಗೇಟಿನಾಚೆ ಕೂರಿಸಿ, ತಮ್ಮನ ಹೆಂಡತಿ ತಳ್ಳಿಕೊಂಡು ಒಳಗೆ ಬಂದಳು. ಬಿಸಿಲು ಎದುರಿಗಿತ್ತು, ಸರಿಬರಲಿಲ್ಲ. ಇನ್ನೊಮ್ಮೆ ಹೊರಗೆ ಒಯ್ದರು. ನರ್ಸಮ್ಮ ಒದ್ದೆ ಕಾಗದ ತೆಗೆದು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಅಂಗಳದ ಒಡತಿ ಮಂಕರಿ ಹಿಡಿದು ಕಾಯುತ್ತಿದ್ದಳು. "ಆಯ್ತಾ ಸಾ ನಿಮ್ದು? ಇವತ್ ಮೂಟೆ ಮುಗೀಬೇಕು" ಎಂದಳು.

ಎರಡನೇ ಸಲ ಒಳಗೆ ತರುವಾಗ ಅಕ್ಕ ಕುರ್ಚಿಯ ಕೈ ಹಿಡಿದು ಮುಂದೆ ಬಗ್ಗಿ ಜೋರಾಗಿ ಅಂದಳು: "ಬೇಗ ಇಳ್ಸಿ ಅನ್ನು ಇವ್ರಿಗೆ. ನನ್ ಕೆಲ್ಸ ನಿಂತೋಗದೆ."

ಏನನ್ನುತ್ತಿದ್ದಾಳೆ ಎಂದು ನರ್ಸಮ್ಮ ಕೇಳಿದಳು.

ಈ ಸಲ ನಾನು ಒಂದಕ್ಷರವನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ. ಬೇಗ ಇಳಿಸಿ, ನನ್ನ ಕೆಲಸ ನಿಂತುಹೋಗಿದೆ ಅನ್ನುತ್ತಿದ್ದಾಳೆ ಎಂದೆ.

ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಉದ್ದಪ್ಪನಿಗೆ ಅದನ್ನು ಮತ್ತೊಮ್ಮೆ ಹೇಳಿ ಇಬ್ಬರೂ ನಕ್ಕರು, ಸಂತೋಷದಿಂದ. ಒಂದು ವರ್ಷದ ಹಿಂದೆ ನೆಲದಲ್ಲಿದ್ದವಳಿಗೆ ಈಗ ಕೆಲಸಕ್ಕೆ ಹೋಗುವ ಆತುರ ನೋಡು ಎಂದಳು. ಚೀಲದಿಂದ ಸಣ್ಣ ಪುಸ್ತಕ ತೆಗೆದು, ನನ್ನ ಕೈಯಲ್ಲಿ ಇನ್ನೊಮ್ಮೆ ಹೇಳಿಸಿ, ಅಕ್ಕನ ಮಾತನ್ನು ಹಾಗೆಯೇ ಬರೆದುಕೊಂಡಳು.